ಹಳೆಯ ಸ್ಪಂಜು, ಹೊಸ ಟ್ಯಾಂಕು: ಎಷ್ಟು ಮೀಡಿಯಾಕ್ಕೆ ಎಷ್ಟು ಮೀನು?

ಎರಡಡಿ ಟ್ಯಾಂಕು ತಂದು, ಕಲ್ಲು ತೊಳೆದು ಹಾಸಿ, ನೀರು ತುಂಬಿಸಿ, ಎರಡು ದಿನ ಕಾದು ಹತ್ತು ಹನ್ನೆರಡು ಮೀನು ಬಿಡುವುದು ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವ ರೀತಿ. ಮೊದಲ ಮೂರ್ನಾಲ್ಕು ದಿನ ಎಲ್ಲ ಸರಿಯಾಗೇ ಇರುತ್ತದೆ. ಆಮೇಲೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ಮೂಲೆ ಹಿಡಿಯುತ್ತವೆ, ಒಂದೊಂದಾಗಿ ಸಾಯುತ್ತವೆ. ಅಂಗಡಿಗೆ ಹೋಗಿ ಕೇಳಿದರೆ ‘ನೀರು ಇನ್ನೂ ಸೆಟ್ ಆಗಿಲ್ಲ ಸಾರ್’ ಎಂಬ ಉತ್ತರ, ಜೊತೆಗೊಂದು ನೀಲಿ ಔಷಧದ ಬಾಟಲಿ. ಆದರೆ ಸೆಟ್ ಆಗಬೇಕಾದ್ದು ನೀರಲ್ಲ, ಫಿಲ್ಟರು. ಅದು ತಾನಾಗಿ ಸೆಟ್ ಆಗಲು ನಾಲ್ಕರಿಂದ ಆರು ವಾರ ಬೇಕು. ಚೆನ್ನಾಗಿ ನಡೆಯುತ್ತಿರುವ ಹಳೆಯ ಟ್ಯಾಂಕಿನ ಸ್ಪಂಜನ್ನೋ ಸೆರಾಮಿಕ್ ರಿಂಗುಗಳನ್ನೋ ತಂದು ಹಾಕಿದರೆ ಅದೇ ಕೆಲಸ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಅದೇ ದಿನ ಆಗುತ್ತದೆ. ಅಕ್ವೇರಿಯಂ ಹವ್ಯಾಸದಲ್ಲಿ ಇಷ್ಟು ಅಗ್ಗದ, ಇಷ್ಟು ಖಚಿತವಾದ ಉಪಾಯ ಇನ್ನೊಂದಿಲ್ಲ. ಆದರೂ ಇದನ್ನು ಮಾಡಿ ಮೀನು ಕಳೆದುಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ. ಹೆಚ್ಚಿನ ಸಲ ಕಾರಣ ಒಂದೇ. ಹಳೆಯ ಮೀಡಿಯಾದ (ಫಿಲ್ಟರಿನೊಳಗೆ ತುಂಬುವ ಸ್ಪಂಜು, ರಿಂಗುಗಳಂಥವು) ಜೊತೆ ಎಷ್ಟು ಸಾಮರ್ಥ್ಯ ಬಂತು, ಹೊಸ ಟ್ಯಾಂಕಿಗೆ ಎಷ್ಟು ಬೇಕು ಎಂಬ ಲೆಕ್ಕವನ್ನು ಅವರು ಹಾಕಿರುವುದಿಲ್ಲ.

ಲೆಕ್ಕಕ್ಕೆ ಮೊದಲು ಸ್ವಲ್ಪ ರಸಾಯನಶಾಸ್ತ್ರ ಬೇಕು. ಮೀನು ವಿಸರ್ಜಿಸುವ ಸಾರಜನಕದ ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ಹಿಕ್ಕೆ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವೆಲ್ಲ ಕೊನೆಗೆ ಮುಟ್ಟುವುದೂ ಅಮೋನಿಯಾಕ್ಕೇ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ: ಕಿವಿರನ್ನು ಸುಡುವ ಮುಕ್ತ ಅಮೋನಿಯಾ, ಮತ್ತು ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ. ಯಾವುದು ಎಷ್ಟು ಎನ್ನುವುದನ್ನು ಮುಖ್ಯವಾಗಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆ, ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ಶೇ. 0.6ರಷ್ಟು ಮಾತ್ರ. ಪಿಎಚ್ 8ಕ್ಕೆ ಅದು ಶೇ. 5 ದಾಟುತ್ತದೆ, 8.5ಕ್ಕೆ ಶೇ. 15ರ ಹತ್ತಿರ ಹೋಗುತ್ತದೆ. ಹೀಗಾಗಿ ಮಲೆನಾಡಿನ ಮೆದು ನೀರಿನಲ್ಲಿ ಹೇಗೋ ಬದುಕುವ ಮೀನು, ಪಿಎಚ್ ಹೆಚ್ಚಿರುವ ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಅಷ್ಟೇ ಅಮೋನಿಯಾಕ್ಕೆ ಒದ್ದಾಡಬಹುದು.

ಫಿಲ್ಟರಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನಡುವಿನ ನೈಟ್ರೈಟೂ ವಿಷವೇ. ಕಿವಿರಿನ ಮೂಲಕ ಒಳನುಗ್ಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನು ಉಸಿರುಗಟ್ಟುತ್ತದೆ. ಕೊನೆಯ ನೈಟ್ರೇಟ್ ಹೋಲಿಕೆಯಲ್ಲಿ ಸಾಧು. ವಾರಕ್ಕೊಮ್ಮೆ ನೀರು ಬದಲಿಸಿದರೆ, ಒಂದಿಷ್ಟು ಗಿಡ ಇದ್ದರೆ ಅದರ ಚಿಂತೆ ಇಲ್ಲ. ಈ ಸರಪಳಿ ಎಲ್ಲೂ ತುಂಡಾಗದೆ ನಡೆಯತೊಡಗಿದಾಗ ‘ಟ್ಯಾಂಕ್ ಸೈಕಲ್ ಆಯಿತು’ ಅನ್ನುತ್ತಾರೆ.

ಈ ಜೀವಿಗಳು ಯಾರು ಎಂಬ ಬಗ್ಗೆ ನಮ್ಮ ತಿಳಿವಳಿಕೆ ಈಚೆಗೆ ಬಹಳ ಬದಲಾಗಿದೆ. 1890ರ ಸುಮಾರಿಗೆ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಜ್ಯೂರಿಚ್‌ನಲ್ಲಿ ಕೆಲಸ ಮಾಡುತ್ತ, ಈ ಪರಿವರ್ತನೆ ಎರಡು ಹಂತಗಳಲ್ಲಿ, ಬೇರೆ ಬೇರೆ ಬ್ಯಾಕ್ಟೀರಿಯಾಗಳಿಂದ ಆಗುತ್ತದೆ ಎಂದು ತೋರಿಸಿದ್ದರು. ಅಲ್ಲಿಂದ ಒಂದು ಶತಮಾನ ಅಕ್ವೇರಿಯಂ ಪುಸ್ತಕಗಳೆಲ್ಲ ನೈಟ್ರೋಸೊಮೊನಾಸ್, ನೈಟ್ರೋಬ್ಯಾಕ್ಟರ್ ಎಂಬ ಎರಡು ಹೆಸರನ್ನೇ ಜಪಿಸಿದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೈಟ್ರೈಟ್ ತಿನ್ನುವ ಮುಖ್ಯ ಜೀವಿ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಗುಂಪಿನದು ಎಂದು 1998ರಲ್ಲಿ ಗೊತ್ತಾಯಿತು. 2011ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ಅಕ್ವೇರಿಯಂ ಫಿಲ್ಟರುಗಳ ಡಿಎನ್‌ಎ ನೋಡಿದಾಗ, ಹಲವು ಸಿಹಿನೀರಿನ ಟ್ಯಾಂಕುಗಳಲ್ಲಿ ಅಮೋನಿಯಾ ತಿನ್ನುತ್ತಿದ್ದದ್ದು ಬ್ಯಾಕ್ಟೀರಿಯಾವೇ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ವಂಶ. 2015ರಲ್ಲಿ ಅಮೋನಿಯಾದಿಂದ ನೈಟ್ರೇಟ್‌ವರೆಗೆ ಪೂರ್ತಿ ಕೆಲಸವನ್ನು ಒಂದೇ ಜೀವಿ ಮಾಡಬಲ್ಲದು ಎಂದೂ ಪತ್ತೆಯಾಯಿತು. ಅದೂ ನೈಟ್ರೋಸ್ಪೈರಾ ಕುಲದ್ದೇ.

ಹವ್ಯಾಸಿಗೆ ಇದರಿಂದ ಏನು? ಬಾಟಲಿಯಲ್ಲಿ ಮಾರುವ ‘ಬ್ಯಾಕ್ಟೀರಿಯಾ’ದಲ್ಲಿ ಸರಿಯಾದ ತಳಿ ಇದೆಯೋ ಇಲ್ಲವೋ, ಗೋದಾಮಿನ ಬಿಸಿಲಲ್ಲಿ ಕುದ್ದು ಜೀವ ಉಳಿಸಿಕೊಂಡಿದೆಯೋ ಇಲ್ಲವೋ ಎಂದು ಯೋಚಿಸಬೇಕಾಗುತ್ತದೆ. ಆರು ತಿಂಗಳಿಂದ ಮೀನು ಸಾಕುತ್ತಿರುವ ಫಿಲ್ಟರಿನ ವಿಷಯದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಒಳಗೆ ಯಾರಿದ್ದಾರೆ ಎನ್ನುವುದು ನಮಗೆ ತಿಳಿಯದಿದ್ದರೂ, ಅಲ್ಲಿ ಕೆಲಸ ನಡೆಯುತ್ತಿದೆ ಎನ್ನುವುದಕ್ಕೆ ಆ ಟ್ಯಾಂಕಿನ ಮೀನುಗಳೇ ಸಾಕ್ಷಿ.

ಹೆಪ್ಪಿನ ಹೋಲಿಕೆ ಎಲ್ಲಿ ಕೈ ಕೊಡುತ್ತದೆ

ಹಳೆಯ ಮೀಡಿಯಾ ಹಾಕುವುದೆಂದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸರಿ, ಇನ್ನರ್ಧ ಅಪಾಯಕಾರಿ. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ರಾತ್ರಿ ಕಳೆಯುವಷ್ಟರಲ್ಲಿ ಮೊಸರು ಮಾಡುತ್ತದೆ. ಉಗುರುಬೆಚ್ಚಗಿನ ಹಾಲಿನಲ್ಲಿ ಆ ಬ್ಯಾಕ್ಟೀರಿಯಾ ಗಂಟೆಯ ಆಸುಪಾಸಿನಲ್ಲೇ ದುಪ್ಪಟ್ಟಾಗುವುದೇ ಅದಕ್ಕೆ ಕಾರಣ. ಅಮೋನಿಯಾ ತಿನ್ನುವ ಜೀವಿಗಳು ಹಾಗಲ್ಲ. ತೀರ ಅನುಕೂಲದ ಸ್ಥಿತಿಯಲ್ಲೂ ದುಪ್ಪಟ್ಟಾಗಲು ಏಳೆಂಟು ಗಂಟೆ ಬೇಕು, ಟ್ಯಾಂಕಿನ ಪರಿಸ್ಥಿತಿಯಲ್ಲಿ ಒಂದು ದಿನ ಅಥವಾ ಅದಕ್ಕೂ ಹೆಚ್ಚು. ಅಮೋನಿಯಾವನ್ನು ಸುಟ್ಟು ಸಿಗುವ ಶಕ್ತಿ ಬಹಳ ಕಡಿಮೆ, ಅದರಲ್ಲೇ ಅವು ನೀರಿನ ಇಂಗಾಲದ ಡೈಆಕ್ಸೈಡ್ ಹಿಡಿದು ಮೈ ಕಟ್ಟಿಕೊಳ್ಳಬೇಕು. ಬಡವರ ಮನೆ ಕಟ್ಟಿದ ಹಾಗೆ ನಿಧಾನ.

ಈಗ ಗಣಿತ ನೋಡಿ. ಏನೂ ಇಲ್ಲದ ಹೊಸ ಟ್ಯಾಂಕಿನಲ್ಲಿ ಗಾಳಿಯಿಂದಲೋ ಗಿಡದ ಬೇರಿನಿಂದಲೋ ಬಂದ ಬೆರಳೆಣಿಕೆಯ ಜೀವಿಗಳು ಹತ್ತು ಲಕ್ಷ ಪಟ್ಟು ಆಗಬೇಕಾದರೆ 20 ಸಲ ದುಪ್ಪಟ್ಟಾಗಬೇಕು. ಅದರ ಮೇಲೆ ಎರಡನೇ ಗುಂಪಿಗೆ ಊಟ ಸಿಗುವುದೇ ಮೊದಲ ಗುಂಪು ನೈಟ್ರೈಟ್ ಬಡಿಸತೊಡಗಿದ ಮೇಲೆ, ಹಾಗಾಗಿ ಅದರ ಬೆಳವಣಿಗೆ ಇನ್ನೂ ತಡ. ನಾಲ್ಕಾರು ವಾರ ಹಿಡಿಯುವುದು ಹೀಗೆ. ಇದರ ಬದಲು ಬೇಕಾದ ಸಂಖ್ಯೆಯ ಕಾಲುಭಾಗವನ್ನು ಹಳೆಯ ಸ್ಪಂಜಿನಲ್ಲೇ ತಂದಿರೆಂದುಕೊಳ್ಳಿ. ಎರಡೇ ಸಲ ದುಪ್ಪಟ್ಟಾದರೆ ಮುಗಿಯಿತು, ಮೂರ್ನಾಲ್ಕು ದಿನದ ಮಾತು. ಎರಡೂ ಗುಂಪುಗಳು ಒಟ್ಟಿಗೇ ಬಂದಿರುವುದರಿಂದ ನೈಟ್ರೈಟ್ ಗುಡ್ಡದಂತೆ ಏರಿ ಇಳಿಯುವ ಆ ಕೆಟ್ಟ ಎರಡು ವಾರಗಳೂ ತಪ್ಪುತ್ತವೆ. ನನ್ನ ಪ್ರಕಾರ ಈ ವಿಧಾನದ ಅಸಲಿ ಲಾಭ ಇದು. ಅಮೋನಿಯಾವನ್ನಾದರೂ ನೀರು ಬದಲಿಸಿ ಹತೋಟಿಯಲ್ಲಿಡಬಹುದು, ನೈಟ್ರೈಟ್ ಹಂತ ಜನರ ತಾಳ್ಮೆ ತೆಗೆಯುತ್ತದೆ.

ಆದರೆ ‘ಒಂದು ಚಮಚ ಸಾಕು’ ಎಂಬ ನಂಬಿಕೆಯಲ್ಲಿ ನಾಲ್ಕು ಸೆರಾಮಿಕ್ ರಿಂಗು ತಂದು ಹಾಕಿ ಅದೇ ದಿನ 15 ಮೀನು ಬಿಟ್ಟರೆ ಫಲವಿಲ್ಲ. ಇಲ್ಲಿ ತಂದಷ್ಟೇ ಬಂಡವಾಳ.

ಮೀನು ಎಣಿಸುವ ಬದಲು ಆಹಾರ ತೂಗಿ

ಫಿಲ್ಟರಿನ ಜೀವಿಗಳ ಸಂಖ್ಯೆ ಅವಕ್ಕೆ ದಿನಾ ಸಿಗುವ ಅಮೋನಿಯಾಕ್ಕೆ ತಕ್ಕಷ್ಟಿರುತ್ತದೆ. ಅಮೋನಿಯಾ ಎಷ್ಟೆಂಬುದು ನಾವು ಹಾಕುವ ಆಹಾರದ ಮೇಲೆ. ಮೀನು ಸಾಕಣೆ ಎಂಜಿನಿಯರುಗಳು ಬಳಸುವ ಒಂದು ಸರಳ ಸೂತ್ರವಿದೆ: ಆಹಾರದ ತೂಕವನ್ನು ಅದರ ಪ್ರೋಟೀನ್ ಅಂಶದಿಂದ ಗುಣಿಸಿ, ಅದನ್ನು 0.092ರಿಂದ ಗುಣಿಸಿದರೆ ಹೊರಬರುವ ಅಮೋನಿಯಾ ಸಾರಜನಕದ ತೂಕ ಸಿಗುತ್ತದೆ. ಶೇ. 40 ಪ್ರೋಟೀನ್ ಇರುವ ಆಹಾರ 1 ಗ್ರಾಂ ಹಾಕಿದರೆ ಸುಮಾರು 37 ಮಿಲಿಗ್ರಾಂ. 24 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರದ ಟ್ಯಾಂಕಿಗೆ ಅಂಚಿನವರೆಗೆ 56 ಲೀಟರು ಹಿಡಿಯುತ್ತದೆ, ಕಲ್ಲು ಹಾಕಿ ಸ್ವಲ್ಪ ಕೆಳಗೆ ತುಂಬಿಸಿದರೆ 50 ಲೀಟರು ಎನ್ನಿ. ಫಿಲ್ಟರು ಕೆಲಸ ಮಾಡದಿದ್ದರೆ ದಿನಕ್ಕೆ 1 ಗ್ರಾಂ ಆಹಾರದಿಂದ ಆ ಟ್ಯಾಂಕಿನ ಅಮೋನಿಯಾ ದಿನಕ್ಕೆ 0.7 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಏರುತ್ತದೆ. ಮೂರು ದಿನಕ್ಕೆ 2 ದಾಟುತ್ತದೆ. ನೀಲಿ ಔಷಧದ ಬಾಟಲಿ ಮನೆಗೆ ಬರುವುದು ಆ ಹೊತ್ತಿಗೆ.

ಒಂದು ಗ್ರಾಂ ಅಂದರೆ ಎಷ್ಟು ಮೀನು? ನಿಯಾನ್ ಟೆಟ್ರಾದಂಥ ಪುಟ್ಟ ಮೀನು ಹತ್ತು ಸೇರಿದರೂ ಕಾಲು ಗ್ರಾಂ ತಿನ್ನುವುದು ಕಷ್ಟ. ಅಂಗೈಯಷ್ಟು ಉದ್ದದ ಎರಡು ಗೋಲ್ಡ್ ಫಿಶ್ ಒಂದು ಗ್ರಾಂ ಸಲೀಸಾಗಿ ಮುಗಿಸಿ ಇನ್ನೂ ಬೇಕು ಎನ್ನುತ್ತವೆ. ‘ಎಷ್ಟು ಮೀನು ಬಿಡಬಹುದು’ ಎಂದು ತಲೆ ಎಣಿಸುವುದಕ್ಕಿಂತ ಆಹಾರ ತೂಗುವುದು ಅದಕ್ಕೇ ಮೇಲು. ಚಿನ್ನ ತೂಗುವಂಥ ಪುಟ್ಟ ಪಾಕೆಟ್ ತಕ್ಕಡಿ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಸಲ ತೂಗಿ ನೋಡಿದರೆ ಎರಡು ಬೆರಳಲ್ಲಿ ಹಿಡಿಯುವ ಚಿಟಿಕೆ ಎಷ್ಟೆಂದು ಅಂದಾಜಾಗುತ್ತದೆ, ಮತ್ತೆ ತಕ್ಕಡಿ ಬೇಕಾಗುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಸ್ನೇಹಿತರ ನಾಲ್ಕಡಿ ಟ್ಯಾಂಕಿಗೆ ದಿನಾ 2 ಗ್ರಾಂ ಆಹಾರ ಬೀಳುತ್ತದೆ. ಅವರ ಫಿಲ್ಟರಿನಲ್ಲಿ ಒಂದೇ ಅಳತೆಯ ಆರು ಸ್ಪಂಜುಗಳಿವೆ, ಎರಡನ್ನು ನಿಮಗೆ ಕೊಟ್ಟರು. ಸರಳ ಲೆಕ್ಕಕ್ಕೆ ಮೂರನೇ ಒಂದು ಭಾಗ, ಅಂದರೆ ಸುಮಾರು 0.65 ಗ್ರಾಂ ಆಹಾರದ ಸಾಮರ್ಥ್ಯ ನಿಮ್ಮ ಕೈಗೆ ಬಂತು. ಆದರೆ ಅವರ ಟ್ಯಾಂಕಿನಲ್ಲಿ ಜೀವಿಗಳು ಕಲ್ಲಿನ ಮೇಲೆ, ಗಾಜಿನ ಮೇಲೆ, ಗಿಡದ ಎಲೆಯ ಮೇಲೂ ಇವೆ, ಅವೆಲ್ಲ ಅಲ್ಲೇ ಉಳಿದವು. ತರುವಾಗ, ಹಾಕುವಾಗ ಒಂದಿಷ್ಟು ಸಾಯುತ್ತವೆ. ಆದ್ದರಿಂದ ಸಿಕ್ಕಿದ್ದರಲ್ಲಿ ಅರ್ಧವನ್ನೇ ನಂಬಿ, ದಿನಕ್ಕೆ 0.3 ಗ್ರಾಂ. ಹತ್ತು ಚಿಕ್ಕ ಟೆಟ್ರಾಗಳಿಗೆ ಅದು ಧಾರಾಳ. ಗೋಲ್ಡ್ ಫಿಶ್‌ಗೆ ಸಾಲದು.

ಅದೇ ಲೆಕ್ಕ ಕೊಟ್ಟವರ ಟ್ಯಾಂಕಿಗೂ ಅನ್ವಯಿಸುತ್ತದೆ ಎನ್ನುವುದನ್ನು ಹೆಚ್ಚಿನವರು ಮರೆಯುತ್ತಾರೆ. ಅಲ್ಲಿಂದ ಮೂರನೇ ಒಂದು ಭಾಗ ಹೋಯಿತು, ಮೀನುಗಳು ಮಾತ್ರ ಅಷ್ಟೇ ಇವೆ. ಒಂದು ವಾರ ಅಲ್ಲಿ ಆಹಾರ ಅರ್ಧ ಮಾಡಬೇಕು, ಆ ವಾರ ಕಲ್ಲು ಸೋಸುವುದು, ಉಳಿದ ಸ್ಪಂಜು ತೊಳೆಯುವುದು ಬೇಡ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೇಳುವುದು ಸ್ನೇಹಕ್ಕೂ ಒಳ್ಳೆಯದಲ್ಲ.

ಏನು ತರಬೇಕು, ಏನು ಬೇಡ

ಹಳೆಯ ಟ್ಯಾಂಕಿನ ನೀರು ಬೇಡ. ಎರಡು ಬಕೆಟ್ ಹಳೆಯ ನೀರು ತಂದು ಹೊಯ್ದರೆ ಟ್ಯಾಂಕು ಸೈಕಲ್ ಆಗುತ್ತದೆ ಎಂದು ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಹೇಳುತ್ತಾರೆ. ಈ ಜೀವಿಗಳು ಮೇಲ್ಮೈಗೆ ಅಂಟಿಕೊಂಡು, ತಾವೇ ಸ್ರವಿಸಿದ ಲೋಳೆಯಲ್ಲಿ ಪದರ ಕಟ್ಟಿ ಬದುಕುವಂಥವು, ನೀರಿನಲ್ಲಿ ತೇಲುವುದು ನಗಣ್ಯ. ಹಳೆಯ ನೀರಿನ ಜೊತೆ ಬರುವುದು ಹಳೆಯ ನೈಟ್ರೇಟು ಅಷ್ಟೇ.

ಸ್ಪಂಜು ಹಿಂಡಿದ ಕೊಳೆ ಇನ್ನೊಂದು ಜನಪ್ರಿಯ ದಾರಿ. ಹಳೆಯ ಸ್ಪಂಜನ್ನು ಒಂದು ಮಗ್ ಟ್ಯಾಂಕ್ ನೀರಿನಲ್ಲಿ ಹಿಂಡಿದರೆ ಡಿಕಾಕ್ಷನ್ ಬಣ್ಣದ ನೀರು ಬರುತ್ತದೆ, ಎರಡು ನಿಮಿಷ ಬಿಟ್ಟರೆ ತಳದಲ್ಲಿ ಹತ್ತಿಯಂಥ ಕಂದು ಹುಡಿ ಕೂರುತ್ತದೆ. ಅದನ್ನು ಹೊಸ ಫಿಲ್ಟರಿನ ಬಾಯಿಗೆ ಸುರಿಯುತ್ತಾರೆ. ಇದರಿಂದ ಉಪಯೋಗವಿದೆ, ಆದರೆ ಆ ಕಂದು ಹುಡಿಯ ಬಹುಪಾಲು ಜೀರ್ಣವಾಗಿ ಉಳಿದ ಸಾವಯವ ಕಸ. ನಮಗೆ ಬೇಕಾದವು ಹಿಂಡಿದ ಮೇಲೂ ಸ್ಪಂಜಿನ ರಂಧ್ರಗಳನ್ನು ಕಚ್ಚಿಕೊಂಡು ಕುಳಿತಿರುತ್ತವೆ. ಸ್ನೇಹಿತರು ಸ್ಪಂಜು ಕೊಡಲು ಒಪ್ಪದೆ ಕೊಳೆ ಕೊಡಲು ಒಪ್ಪಿದರೆ ಬೇಡ ಎನ್ನಬೇಡಿ, ಆದರೆ ಅದನ್ನೇ ನಂಬಿ ಟ್ಯಾಂಕು ತುಂಬ ಮೀನು ಬಿಡಬೇಡಿ.

ಸ್ಪಂಜು, ಸೆರಾಮಿಕ್ ರಿಂಗು, ಲಾವಾ ಕಲ್ಲು, ಬಯೋ ಬಾಲ್ ಎಲ್ಲವೂ ಆಗುತ್ತದೆ. ಹಳೆಯ ಆಕ್ಟಿವೇಟೆಡ್ ಕಾರ್ಬನ್ ಕೂಡ ಆದೀತು. ಬಣ್ಣ ಹೀರುವ ಶಕ್ತಿ ಎಂದೋ ಮುಗಿದಿದ್ದರೂ ಮೇಲ್ಮೈಯಲ್ಲಿ ಜೀವಿಗಳಿರುತ್ತವೆ. ಕಲ್ಲಿನ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಟ್ಟು ಗಾಳಿಯಿಂದ ನೀರೆಳೆಯುವ ಹಳೆಯ ಅಂಡರ್‌ಗ್ರಾವೆಲ್ ಫಿಲ್ಟರು ಇರುವ ಮನೆಯಾದರೆ ಕಲ್ಲೇ ಅಲ್ಲಿ ಫಿಲ್ಟರು. ಎರಡು ಹಿಡಿ ಕಲ್ಲನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ ತಂದು ಹೊಸ ಫಿಲ್ಟರಿನ ನೀರು ಹರಿಯುವ ದಾರಿಯಲ್ಲಿಟ್ಟರೆ ಸಾಕು.

ಅವಸರವಿಲ್ಲದವರಿಗೆ ಎಲ್ಲಕ್ಕಿಂತ ಚೊಕ್ಕ ದಾರಿ ಬೇರೆಯಿದೆ. ಹೊಸ ಟ್ಯಾಂಕು ತರುವ ಒಂದೂವರೆ ತಿಂಗಳ ಮೊದಲೇ ಒಂದು ಏರ್ ಪಂಪಿನ ಸ್ಪಂಜ್ ಫಿಲ್ಟರ್ ಕೊಂಡು ಹಳೆಯ ಟ್ಯಾಂಕಿನ ಮೂಲೆಯಲ್ಲಿ ಓಡಲು ಬಿಡುವುದು. ನಮ್ಮ ಪೇಟೆಯಲ್ಲಿ ಸಿಗುವ ಫಿಲ್ಟರುಗಳಲ್ಲೇ ಅಗ್ಗದ್ದು ಅದು. ಹೊಸ ಟ್ಯಾಂಕು ಬಂದ ದಿನ ಎತ್ತಿ ಇಟ್ಟರಾಯಿತು. ಕತ್ತರಿಸುವುದಿಲ್ಲ, ಚೀಲ ಕಟ್ಟುವುದಿಲ್ಲ, ಹಳೆಯ ಫಿಲ್ಟರನ್ನು ಬಿಚ್ಚುವುದೂ ಇಲ್ಲ. ಒಂದು ಎಚ್ಚರ ಬೇಕು. ಹಳೆಯ ಟ್ಯಾಂಕಿನಲ್ಲಿ ಬೀಳುವ ಅಮೋನಿಯಾ ಹೆಚ್ಚೇನೂ ಆಗಿಲ್ಲ, ಅದೇ ಊಟವನ್ನು ಎರಡು ಫಿಲ್ಟರು ಹಂಚಿಕೊಂಡಿರುತ್ತವೆ. ಅದರಲ್ಲೂ ದೊಡ್ಡ ಫಿಲ್ಟರು ಹೆಚ್ಚು ನೀರೆಳೆಯುವುದರಿಂದ ಹೆಚ್ಚಿನ ಪಾಲು ಅದಕ್ಕೇ. ಒಂದೂವರೆ ತಿಂಗಳು ಓಡಿದ ಸ್ಪಂಜೆಂದ ಮಾತ್ರಕ್ಕೆ ಅದು ಪೂರ್ತಿ ಟ್ಯಾಂಕು ನಿಭಾಯಿಸೀತು ಎಂದಲ್ಲ.

ದಾರಿಯಲ್ಲಿ ಸಾಯದಿರಲಿ

ಸ್ಪಂಜನ್ನು ನೀರಿನಲ್ಲಿ ಮುಳುಗಿಸಿ ಕವರಿಗೆ ಗಂಟು ಹಾಕಿ ತರುವುದು ಸಾಮಾನ್ಯ ತಪ್ಪು. ಈ ಜೀವಿಗಳಿಗೆ ಆಮ್ಲಜನಕ ಅನ್ನದಷ್ಟೇ ಮುಖ್ಯ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕಾಗುತ್ತದೆ. ಅದೇ ಸ್ಪಂಜಿನಲ್ಲಿ ಕೊಳೆ ತಿನ್ನುವ ಇನ್ನೂ ಲಕ್ಷಾಂತರ ಬ್ಯಾಕ್ಟೀರಿಯಾಗಳಿವೆ, ನಿಂತ ನೀರಿನ ಆಮ್ಲಜನಕವನ್ನು ಅವು ಬೇಗನೆ ಮುಗಿಸುತ್ತವೆ. ಮೈಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ತರುವುದಾದರೆ, ಸ್ಪಂಜನ್ನು ನೀರು ಸೋರುವಷ್ಟು ಒದ್ದೆಯಾಗಿ, ಗಾಳಿ ತುಂಬಿದ ದೊಡ್ಡ ಕವರಿನಲ್ಲಿ ಇಟ್ಟುಕೊಳ್ಳಿ. ನೀರಿಗಿಂತ ಗಾಳಿಯಲ್ಲಿ ಆಮ್ಲಜನಕ ಬಹಳ ಹೆಚ್ಚು. ಒಣಗಬಾರದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಹತ್ತಿರದ ದಾರಿಯಾದರೆ ಮುಚ್ಚಳ ಸಡಿಲವಾಗಿಟ್ಟ ಬಕೆಟ್ ಸಾಕು.

ಮನೆಗೆ ತಂದು ‘ಗಲೀಜಾಗಿದೆ’ ಎಂದು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅಲ್ಲಿಗೆ ಕಥೆ ಮುಗಿಯಿತು. ಕಾವೇರಿ ನೀರಿನ ಕ್ಲೋರಿನ್ ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಒಳ್ಳೆಯವು ಕೆಟ್ಟವು ಎಂದು ಅದು ನೋಡುವುದಿಲ್ಲ. ಹೊಸ ಟ್ಯಾಂಕಿನ ನೀರಿಗೆ ಆಂಟಿ-ಕ್ಲೋರಿನ್ ಹಾಕಿ, ಹೀಟರ್ ಹಾಕಿ, ಒಂದು ದಿನ ಮೊದಲೇ ಓಡಿಸಿ ಇಟ್ಟುಕೊಂಡಿರಬೇಕು. ಸ್ಪಂಜು ಬಂದ ಕೂಡಲೇ ಒಳಗೆ ಹೋಗಬೇಕು. ಫಿಲ್ಟರಿನಲ್ಲಿ ಹೊಸ ಒರಟು ಸ್ಪಂಜು ಮೊದಲಿರಲಿ, ಕಸ ಅಲ್ಲಿ ನಿಲ್ಲುತ್ತದೆ. ಹಳೆಯ ಮೀಡಿಯಾ ಅದರ ಹಿಂದೆ. ಅಳತೆ ಹೊಂದದಿದ್ದರೆ ಕತ್ತರಿಯಲ್ಲಿ ಕತ್ತರಿಸಿ ತುರುಕಿ, ಅಂದ ನೋಡುವ ಕಾಲ ಇದಲ್ಲ.

ಕರೆಂಟ್ ಹೋಗುವ ಊರುಗಳಲ್ಲಿ ಕ್ಯಾನಿಸ್ಟರ್ ಫಿಲ್ಟರ್ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ಮುಚ್ಚಿದ ಡಬ್ಬಿಯಲ್ಲಿ ನೀರು ಕೆಲವು ಗಂಟೆ ನಿಂತರೆ ಒಳಗೆ ಆಮ್ಲಜನಕ ಸೊನ್ನೆಯಾಗುತ್ತದೆ, ಮುಚ್ಚಳ ತೆರೆದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ನೀರನ್ನು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಿನಲ್ಲಿ ಜಾಲಾಡಿ ಆಮೇಲೆ ಚಾಲೂ ಮಾಡಬೇಕು. ಬ್ಯಾಟರಿ ಏರ್ ಪಂಪಿಗೆ ಸಿಕ್ಕಿಸಿದ ಸ್ಪಂಜ್ ಫಿಲ್ಟರಿಗೆ ಈ ತೊಂದರೆ ಇಲ್ಲ.

ಸ್ಪಂಜಿನ ಜೊತೆ ಬೇಡದ ಅತಿಥಿಗಳೂ ಬರುತ್ತಾರೆ. ಬಸವನಹುಳು, ಪಾಚಿ ಬಂದರೆ ಕಿರಿಕಿರಿ ಅಷ್ಟೇ, ರೋಗ ಬಂದರೆ ಕಷ್ಟ. ಬಿಳಿ ಚುಕ್ಕೆ ರೋಗದ ಪರಾವಲಂಬಿ ಮೀನಿನ ಮೈಯಿಂದ ಉದುರಿ ಕಲ್ಲಿಗೋ ಸ್ಪಂಜಿಗೋ ಅಂಟಿ, ಅಲ್ಲೇ ಒಡೆದು ನೂರಾರು ಮರಿಗಳಾಗುತ್ತದೆ. ಅದಕ್ಕೇ ಅಂಗಡಿಯ ಟ್ಯಾಂಕಿನ ಸ್ಪಂಜು ಪುಕ್ಕಟೆ ಕೊಟ್ಟರೂ ನಾನು ಹಿಂದೆ ಮುಂದೆ ನೋಡುತ್ತೇನೆ. ವಾರವಾರ ಹೊಸ ಲೋಡಿನ ಮೀನು ಬರುವ ಜಾಗ ಅದು. ಅಲ್ಲಿಯ ನೀರಿಗೆ ನೀಲಿ ಛಾಯೆ ಇದ್ದರೆ ಮೀಥಿಲೀನ್ ಬ್ಲೂ ಹಾಕಿದ್ದಾರೆಂದು ಅರ್ಥ, ಅದು ನಮಗೆ ಬೇಕಾದ ಜೀವಿಗಳನ್ನೇ ಕೊಲ್ಲುತ್ತದೆ. ಆ ಸ್ಪಂಜು ನೋಡಲು ಎಷ್ಟೇ ಹಳೆಯದಾಗಿ ಕಂಡರೂ ಒಳಗೆ ಹುರುಳಿರುವುದಿಲ್ಲ. ಒಂದೆರಡು ತಿಂಗಳಿಂದ ಹೊಸ ಮೀನು ಸೇರದ, ಔಷಧ ಬೀಳದ, ಪರಿಚಿತರ ಮನೆಯ ಟ್ಯಾಂಕು ಎಲ್ಲಕ್ಕಿಂತ ವಾಸಿ.

ನವಸಾಗರದ ಪರೀಕ್ಷೆ

ತಂದ ಸ್ಪಂಜಿಗೆ ನಿಜಕ್ಕೂ ಎಷ್ಟು ತಾಕತ್ತಿದೆ ಎಂದು ಮೀನನ್ನು ಬಲಿ ಕೊಡದೆ ನೋಡಬಹುದು. ಬೇಕಾದ್ದು ಅಮೋನಿಯಂ ಕ್ಲೋರೈಡ್, ನಮ್ಮ ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ಉಜ್ಜುತ್ತಿದ್ದ ಅದೇ ನವಸಾಗರ. ಪೇಟೆಯ ನವಸಾಗರದಲ್ಲಿ ಏನೇನು ಬೆರೆತಿರುತ್ತದೋ, ಲ್ಯಾಬ್ ಸಾಮಾನು ಮಾರುವವರಲ್ಲಿ ಶುದ್ಧವಾದದ್ದನ್ನೇ ಕೊಳ್ಳಿ. 3 ಗ್ರಾಂ ಪುಡಿಯನ್ನು 100 ಮಿಲಿ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. ಅದರಲ್ಲಿ 10 ಮಿಲಿ ಹಾಕಿದರೆ 50 ಲೀಟರ್ ಟ್ಯಾಂಕಿನ ಅಮೋನಿಯಾ ಸುಮಾರು 2 ಪಿಪಿಎಂ ಆಗುತ್ತದೆ. 24 ಗಂಟೆ ಬಿಟ್ಟು ಹನಿ ಹಾಕುವ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡನ್ನೂ ಅಳೆಯಿರಿ. ಅಮೋನಿಯಾ ಕಿಟ್‌ನ ಹಳದಿ ಮತ್ತು ತೆಳು ಹಸಿರಿನ ವ್ಯತ್ಯಾಸ ಟ್ಯೂಬ್‌ಲೈಟ್ ಬೆಳಕಲ್ಲಿ ಮೋಸ ಮಾಡುತ್ತದೆ, ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ ನೋಡಿ. ನೈಟ್ರೇಟನ್ನು ಮಾತ್ರ ನಲ್ಲಿ ನೀರಿನಲ್ಲೂ ಒಮ್ಮೆ ಅಳೆದಿಟ್ಟುಕೊಳ್ಳಿ. ಕೆಲವು ಬೋರ್‌ವೆಲ್‌ಗಳಲ್ಲಿ ಅದು ಮೊದಲೇ ತುಂಬಿರುತ್ತದೆ.

ಎರಡೂ ಸೊನ್ನೆಯಾಗಿದ್ದರೆ ನಿಮ್ಮ ಸ್ಪಂಜು ದಿನಕ್ಕೆ ಸುಮಾರು ಎರಡು ಗ್ರಾಂ ಆಹಾರದ ಅಮೋನಿಯಾ ಕರಗಿಸಬಲ್ಲದು, ಎರಡಡಿ ಟ್ಯಾಂಕಿಗೆ ಅದು ಬೇಕಾದ್ದಕ್ಕಿಂತ ಬಹಳ ಹೆಚ್ಚು. ಅಮೋನಿಯಾ 1 ಪಿಪಿಎಂಗೆ ಇಳಿದು ನೈಟ್ರೈಟ್ ಸೊನ್ನೆಯಿದ್ದರೂ ಚಿಕ್ಕ ಮೀನುಗಳಿಗೆ ಧಾರಾಳ. ಎಲ್ಲರೂ ಹೇಳುವ ‘2 ಪಿಪಿಎಂ 24 ಗಂಟೆಯಲ್ಲಿ ಸೊನ್ನೆ’ ಎಂಬ ಕಟ್ಟಳೆ ಹತ್ತು ಟೆಟ್ರಾ ಸಾಕುವವರಿಗೆ ಅನಗತ್ಯವಾಗಿ ಕಠಿಣ ಎನ್ನುವುದು ನನ್ನ ಅಭಿಪ್ರಾಯ. ಏನೂ ಇಳಿಯದಿದ್ದರೆ ಸ್ಪಂಜು ದಾರಿಯಲ್ಲೇ ಸತ್ತಿದೆ. ಮೀನು ಬಿಡದೆ ಗೊತ್ತಾಯಿತಲ್ಲ, ಅದೇ ಲಾಭ.

ಇದೇ ನವಸಾಗರದಿಂದ ಇನ್ನೊಂದು ಕೆಲಸವೂ ಆಗುತ್ತದೆ. ರೋಗದ ಅನುಮಾನ ಇದ್ದರೆ ಮೀನಿಲ್ಲದ ಟ್ಯಾಂಕಿನಲ್ಲಿ ಸ್ಪಂಜನ್ನು 28 ಡಿಗ್ರಿಯಲ್ಲಿ ಎರಡು ವಾರ ಓಡಿಸಿ, ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಅಮೋನಿಯಾ ಉಣಿಸಿ. ಬಿಳಿ ಚುಕ್ಕೆಯ ಮರಿಗಳು ಮೀನು ಸಿಗದೆ ಸಾಯುತ್ತವೆ, ನಮ್ಮವು ಊಟ ಸಿಕ್ಕು ಬದುಕುತ್ತವೆ. ಎಲ್ಲ ರೋಗಕ್ಕೂ ಇದು ಮದ್ದಲ್ಲ.

ಇಲ್ಲೇ ಇನ್ನೊಂದು ಎಡವಟ್ಟಿನ ಮಾತು ಹೇಳಬೇಕು. ಸ್ಪಂಜು ತಂದು ಹಾಕಿ, ‘ಎರಡು ವಾರ ಸೆಟ್ ಆಗಲಿ’ ಎಂದು ಖಾಲಿ ಟ್ಯಾಂಕನ್ನು ಓಡಿಸುತ್ತ ಕಾಯುವವರಿದ್ದಾರೆ. ಜಾಗ್ರತೆಯಂತೆ ಕಾಣುತ್ತದೆ, ನಿಜಕ್ಕೂ ಅದು ಉಪವಾಸ ಕೆಡವುವುದು. ಉಪವಾಸ ಬಿದ್ದ ಜೀವಿಗಳು ಒಮ್ಮೆಲೇ ಸಾಯುವುದಿಲ್ಲ, ಆದರೆ ಚಟುವಟಿಕೆ ದಿನೇ ದಿನೇ ಇಳಿಯುತ್ತದೆ. ಸ್ಪಂಜು ಬಂದ ದಿನವೇ ಮೀನು ಬರಬೇಕು, ಇಲ್ಲವೇ ನವಸಾಗರ ಬೀಳಬೇಕು.

ಮೀನು ಬಿಟ್ಟ ಮೊದಲ ವಾರ ದಿನಾ ಅಳೆಯಬೇಕು. ಅಮೋನಿಯಾ ಅಥವಾ ನೈಟ್ರೈಟ್ 0.25 ದಾಟಿದರೆ ಆ ದಿನ ಆಹಾರ ಹಾಕಬೇಡಿ, 0.5 ಮುಟ್ಟಿದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ಕ್ಲೋರಿನ್ ತೆಗೆದ ನೀರಾದರೆ ಎಷ್ಟು ಬದಲಿಸಿದರೂ ಫಿಲ್ಟರಿಗೆ ತೊಂದರೆಯಿಲ್ಲ. ನೈಟ್ರೈಟ್ ಕಂಡರೆ 50 ಲೀಟರಿಗೆ ಎರಡು ಗ್ರಾಂ ಉಪ್ಪು ಹಾಕಬಹುದು. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿನ ಜೊತೆ ಪೈಪೋಟಿ ನಡೆಸಿ ಅದನ್ನು ಹೊರಗೇ ನಿಲ್ಲಿಸುತ್ತದೆ. ಗಡಸು ಬೋರ್‌ವೆಲ್ ನೀರಿನವರಿಗೆ ಕ್ಲೋರೈಡ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಮೊದಲ ದಿನಗಳಲ್ಲಿ ನೀರು ಹಾಲು ಬೆರೆಸಿದಂತೆ ಬೆಳ್ಳಗಾದರೆ ಗಾಬರಿ ಬೇಡ. ಅದು ಕೊಳೆ ತಿನ್ನುವ ಬೇರೆ ಬ್ಯಾಕ್ಟೀರಿಯಾಗಳ ಸಂತೆ, ತಾನಾಗಿ ತಿಳಿಯಾಗುತ್ತದೆ.

ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಬಾವಿ ನೀರು ಬಳಸುವವರಿಗೆ ತೊಂದರೆ ಬರುವುದು ಬೇರೆ ದಿಕ್ಕಿನಿಂದ. ಅಮೋನಿಯಾ ಕರಗಿಸುವ ಕೆಲಸವೇ ಆಮ್ಲ ಹುಟ್ಟಿಸುತ್ತದೆ. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ನೀರಿನ ಕ್ಷಾರತೆಯಲ್ಲಿ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯಲ್ಲಿ) ಏಳು ಗ್ರಾಂ ಸುಣ್ಣದಕಲ್ಲಿನಷ್ಟು ಖರ್ಚಾಗುತ್ತದೆ. ದಿನಕ್ಕೆ 0.3 ಗ್ರಾಂ ಆಹಾರ ಬೀಳುವ 50 ಲೀಟರ್ ಟ್ಯಾಂಕಿನಲ್ಲಿ ಇದು ಲೀಟರಿಗೆ ದಿನಾ ಒಂದೂವರೆ ಮಿಲಿಗ್ರಾಂ ಆಯಿತು. ಕ್ಷಾರತೆ ಲೀಟರಿಗೆ 20 ಮಿಲಿಗ್ರಾಂ ಇರುವ ಮೆದು ನೀರಾದರೆ, ನೀರು ಬದಲಿಸದೆ ಎರಡು ವಾರ ಬಿಟ್ಟರೆ ಅದು ಖಾಲಿಯಾಗಿ ಪಿಎಚ್ ಕುಸಿಯುತ್ತದೆ, 6ರ ಕೆಳಗೆ ಹೋದರೆ ಫಿಲ್ಟರಿನ ಜೀವಿಗಳು ಕೆಲಸ ನಿಧಾನಿಸುತ್ತವೆ. ಗಡಸು ನೀರಿನ ಟ್ಯಾಂಕಿನಿಂದ ಬಂದ ಸ್ಪಂಜಿಗಂತೂ ಇದು ಇನ್ನೂ ಕಷ್ಟ. ತೊಳೆದ ಒಂದು ಹಿಡಿ ಕಪ್ಪೆಚಿಪ್ಪನ್ನು ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟರೆ ಅದು ನಿಧಾನಕ್ಕೆ ಕರಗಿ ಆ ಕೊರತೆ ತುಂಬುತ್ತದೆ.

ಹಳೆಯ ಸ್ಪಂಜನ್ನು ವಾಪಸ್ ಕೊಡಬೇಕೆಂದಿದ್ದರೆ ಒಂದು ತಿಂಗಳಾದರೂ ಹೊಸ ಮೀಡಿಯಾದ ಪಕ್ಕದಲ್ಲೇ ಇರಲಿ. ಮೊದಲು ಅರ್ಧ ತೆಗೆಯಿರಿ, ಮೂರು ದಿನ ಅಳೆಯಿರಿ, ಎರಡೂ ಸೊನ್ನೆಯಲ್ಲೇ ನಿಂತರೆ ಉಳಿದರ್ಧ. ವಾಪಸ್ ಕೊಡುವ ತುರ್ತಿಲ್ಲದಿದ್ದರೆ ಅದನ್ನು ಒಂದು ಮೂಲೆಯಲ್ಲಿ ಹಾಗೇ ಓಡಲು ಬಿಡಿ. ಮುಂದೆ ಯಾವುದಾದರೂ ಮೀನಿಗೆ ಹುಷಾರಿಲ್ಲದಾದರೆ ಹತ್ತು ಲೀಟರಿನ ಬಕೆಟ್ಟಿಗೆ ಆ ಸ್ಪಂಜು ಹಾಕಿದರೆ ಹತ್ತೇ ನಿಮಿಷದಲ್ಲಿ ಆಸ್ಪತ್ರೆ ಟ್ಯಾಂಕು ತಯಾರು. ಔಷಧದ ಜೊತೆ ಅಲ್ಲಿ ಓಡಿದ ಸ್ಪಂಜನ್ನು ಮಾತ್ರ ಮತ್ತೆ ದೊಡ್ಡ ಟ್ಯಾಂಕಿಗೆ ತರಬೇಡಿ. ಬಿಸಿನೀರಿನಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ, ಹೊಸದೆಂದೇ ಲೆಕ್ಕ ಹಿಡಿದು ಮೊದಲಿಂದ ಶುರು ಮಾಡಿ.